ಕರೆಯುವುದಕ್ಕೆ ಮೊದಲು: ಓಝಾರ್ಕ್ ಕಾಡಿನಲ್ಲಿ ಟರ್ಕಿ ಹುಂಜದ ಜಾಡು

ಅಮೆರಿಕದ ಮಿಸ್ಸೌರಿ ರಾಜ್ಯದ ದಕ್ಷಿಣ ಭಾಗಕ್ಕೆ ಓಝಾರ್ಕ್ ಸೀಮೆ ಎನ್ನುತ್ತಾರೆ. ಸೇಂಟ್ ಲೂಯಿಸ್ ನಗರದಿಂದ ಕಾರಿನಲ್ಲಿ ಹೆಚ್ಚುಕಡಿಮೆ ಮೂರು ಗಂಟೆಯ ಹಾದಿ. ದೊಡ್ಡ ಬೆಟ್ಟಗಳು ಇಲ್ಲಿಲ್ಲ. ಹಾಗೆಂದು ಸಮತಟ್ಟಾದ ನೆಲವೂ ಸುಲಭಕ್ಕೆ ಸಿಗುವುದಿಲ್ಲ. ಒಂದು ದಿಣ್ಣೆ, ಅದರ ಬೆನ್ನಿಗೆ ಕೊರಕಲು, ಕೊರಕಲಿನಾಚೆ ಮತ್ತೆ ದಿಣ್ಣೆ. ವಿನೋನಾ ಎಂಬ ಪುಟ್ಟ ಊರಿನಿಂದ ಎಚ್ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಮೊಬೈಲಿನ ಸಿಗ್ನಲ್ ಹೋಗುತ್ತದೆ, ಆಮೇಲೆ ಡಾಂಬರೂ ಮುಗಿದು ಜಲ್ಲಿ ರಸ್ತೆ ಶುರುವಾಗುತ್ತದೆ. ಅದರ ಕೊನೆಗೆ ಇರುವುದು ಪೆಕ್ ರಾಂಚ್: ರಾಜ್ಯದ ಸಂರಕ್ಷಣಾ ಇಲಾಖೆಯ ಸುಮಾರು 23,000 ಎಕರೆ ಕಾಡು. ಆಚೀಚೆ ತುಂಡುತುಂಡಾಗಿ ಹಬ್ಬಿರುವುದು ಮಾರ್ಕ್ ಟ್ವೈನ್ ರಾಷ್ಟ್ರೀಯ ಅರಣ್ಯ. 29 ಕೌಂಟಿಗಳಲ್ಲಿ ಹರಡಿಕೊಂಡ ಅದರ ಒಟ್ಟು ವಿಸ್ತೀರ್ಣ ಸುಮಾರು 15 ಲಕ್ಷ ಎಕರೆ.

ಏಪ್ರಿಲ್ ಎರಡನೇ ವಾರ. ಎಲೆ ಬಿಡುವ ಮೊದಲೇ ರೆಡ್‌ಬಡ್ ಮರಗಳು ಕಡುಗುಲಾಬಿ ಹೂವಿನಲ್ಲಿ ಮುಳುಗಿವೆ. ಡಾಗ್‌ವುಡ್‌ನ ಬಿಳಿ ಹೂವು ಈಗಷ್ಟೇ ಬಿಚ್ಚುತ್ತಿದೆ. ವಸಂತಕಾಲದ ಟರ್ಕಿ ಬೇಟೆ ಏಪ್ರಿಲ್ 21ಕ್ಕೆ ಹತ್ತಿರದ ಸೋಮವಾರ ಶುರುವಾಗಿ ಮೂರು ವಾರ ನಡೆಯುತ್ತದೆ. ಅದಕ್ಕೆ ಮುಂಚಿನ ಈ ದಿನಗಳು ಕೋವಿಯಿಲ್ಲದೆ ಕಾಡು ಸುತ್ತುವವರವು. ನನ್ನ ಜತೆ ಇಬ್ಬರಿದ್ದರು. ಒಬ್ಬ ಗೆಳೆಯ, ತೀರ್ಥಹಳ್ಳಿ ಕಡೆಯವನು, ಈ ರಾಜ್ಯದಲ್ಲಿ ನೆಲೆಸಿ ವರ್ಷಗಳಾಗಿವೆ. ಈ ಸಲ ಮೊದಲ ಬಾರಿಗೆ ಬೇಟೆಯ ಪರವಾನಗಿ ಮಾಡಿಸಿಕೊಂಡಿದ್ದಾನೆ. ಇನ್ನೊಬ್ಬರು ಇದೇ ಸೀಮೆಯ ಹಿರಿಯರು, ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು, ಅವನಿಗೆ ಗುರು. ನಾನು ಕೋವಿ ಹಿಡಿಯುವವನಲ್ಲ. ಕರೆಯಿಂದ ಕಾಡುಪ್ರಾಣಿಯನ್ನು ಹತ್ತಿರ ಬರಿಸುವ ವಿದ್ಯೆಯನ್ನು ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ ಓದಿ ತಿಳಿದವನು. 1972ರ ವನ್ಯಜೀವಿ ಕಾಯ್ದೆಯ ನಂತರ ನಮ್ಮಲ್ಲಿ ಅದು ಪುಸ್ತಕದಲ್ಲಷ್ಟೇ ಉಳಿಯಿತು. ಇಲ್ಲಿ ಅದು ಕಾನೂನಿನೊಳಗೆ ಇವತ್ತಿಗೂ ನಡೆಯುತ್ತಿದೆ.

ಬೋಳಾದ ದಿಣ್ಣೆ, ತುಂಬಿದ ದಿಣ್ಣೆ

ಗುರುಗಳು ಮೊದಲು ಕರೆದೊಯ್ದದ್ದು ಪೆಕ್ ರಾಂಚ್‌ನ ಸ್ಟೆಗಾಲ್ ಬೆಟ್ಟಕ್ಕೆ. ಎತ್ತರ ಸುಮಾರು 1,350 ಅಡಿ. ನೆತ್ತಿಯ ಮೇಲೆ ಕಾಡ್ಗಿಚ್ಚು ಕಾಯುವ ಹಳೆಯ ಗೋಪುರ, ಸುತ್ತ ನಸುಗೆಂಪು ಬಂಡೆಯ ಬಯಲು. ಅಲ್ಲಿಂದ ನೋಡಿದರೆ ಕಣ್ಣು ಹೋದಷ್ಟು ದೂರ ಓಕ್ ಮತ್ತು ಪೈನ್. ಎಂದಿನಿಂದಲೂ ಹೀಗೇ ಇದ್ದಿರಬೇಕು ಅನ್ನಿಸುತ್ತದೆ. ಆದರೆ ಇದ್ದದ್ದು ಹಾಗಲ್ಲ.

19ನೇ ಶತಮಾನದ ಕೊನೆಗೆ ಇಲ್ಲಿಗೆ ಹತ್ತಿರದ ಗ್ರ್ಯಾಂಡಿನ್‌ನಲ್ಲಿ ದೇಶದ ಅತಿ ದೊಡ್ಡ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಒಂದು ನಡೆಯುತ್ತಿತ್ತು. ಇಪ್ಪತ್ತೇ ವರ್ಷಗಳಲ್ಲಿ ಶಾರ್ಟ್‌ಲೀಫ್ ಪೈನ್ ಮುಗಿಯಿತು. ಆಮೇಲೆ ಶಿಕಾಗೋದ ವ್ಯಾಪಾರಿ ಜಾರ್ಜ್ ಪೆಕ್, ಕಬ್ಬಿಣದ ಕುಲುಮೆಗೆ ಇದ್ದಿಲು ಬೇಕೆಂದು ಈ ನೆಲ ಕೊಂಡ. ಅಳಿದುಳಿದದ್ದೂ ಸುಟ್ಟುಹೋಯಿತು. ದನ, ಹಂದಿಗಳನ್ನು ಅಡ್ಡಾಡಲು ಬಿಟ್ಟರು. ಹುಲ್ಲು ಬರಲೆಂದು ವರ್ಷ ವರ್ಷ ಬೆಂಕಿ ಇಟ್ಟರು. ಟರ್ಕಿ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ. ರಾತ್ರಿ ಕೂರಲು ಅದಕ್ಕೆ ದೊಡ್ಡ ಮರವೇ ಬೇಕು. ಎರಡೂ ಇಲ್ಲವಾದವು. 1952ರ ಹೊತ್ತಿಗೆ ಇಡೀ ರಾಜ್ಯದಲ್ಲಿ ಉಳಿದಿದ್ದವು 2,500ಕ್ಕಿಂತ ಕಡಿಮೆ ಎಂದು ಇಲಾಖೆ ಅಂದಾಜು ಮಾಡಿತ್ತು.

ಅದಕ್ಕೂ ಮುಂಚೆ ಸರ್ಕಾರ ಸುಲಭದ ದಾರಿಯೊಂದನ್ನು ಹಿಡಿದಿತ್ತು: ಸಾಕಣೆ ಕೇಂದ್ರದಲ್ಲಿ ಮರಿ ಮಾಡಿಸಿ ಕಾಡಿಗೆ ಬಿಡುವುದು. ಸಾವಿರಾರು ಹಕ್ಕಿಗಳನ್ನು ಬಿಟ್ಟರೂ ಒಂದೂ ನೆಲೆಯೂರಲಿಲ್ಲ. ಯಾಕೆಂದು ಹುಡುಕಿದವರು ಸ್ಟಾರ್ಕರ್ ಲಿಯೊಪೋಲ್ಡ್. ಇದೇ ಓಝಾರ್ಕ್‌ನಲ್ಲಿ ಕಾಡು ಟರ್ಕಿಯನ್ನೂ ಸಾಕಣೆ ಕೇಂದ್ರದ ಬೆರಕೆ ತಳಿಯನ್ನೂ ಹೋಲಿಸಿ 1944ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಕಾಡುತನ ಅಭ್ಯಾಸದಿಂದಷ್ಟೇ ಬರುವುದಲ್ಲ, ರಕ್ತದಲ್ಲಿಯೇ ಇರುತ್ತದೆ. ಬೆರಕೆ ಹಕ್ಕಿಯ ಮಿದುಳು ಚಿಕ್ಕದು, ಬೆದರಿಕೆಗೆ ಎಚ್ಚರಿಸುವ ಗ್ರಂಥಿಗಳೂ ಚಿಕ್ಕವು. ಅಂಥ ಹಕ್ಕಿ ಕಾಡಿನಲ್ಲಿ ಬಾಳುವುದಿಲ್ಲ.

ಹಾಗಾದರೆ ನಿಜವಾದ ಕಾಡುಹಕ್ಕಿಯನ್ನೇ ಹಿಡಿದು ಸಾಗಿಸಬೇಕು. 1945ರಲ್ಲಿ ಇಲಾಖೆ ಪೆಕ್ ರಾಂಚನ್ನು ಕೊಂಡದ್ದು ಟರ್ಕಿಗಾಗಿಯೇ. 1954ರಿಂದ ಇಲ್ಲಿ ಜೋಳ ಚೆಲ್ಲಿ, ಹಕ್ಕಿ ಸೇರಿದಾಗ ಸಣ್ಣ ತೋಪುಗಳಿಂದ ಬಲೆ ಹಾರಿಸಿ ಹಿಡಿಯತೊಡಗಿದರು. 1979ರವರೆಗೆ ಹೀಗೆ ಹಿಡಿದು ರಾಜ್ಯದ ಬೇರೆ ಬೇರೆ ಕಡೆ ಬಿಟ್ಟ ಹಕ್ಕಿಗಳು 2,600ಕ್ಕೂ ಹೆಚ್ಚು. ನಡುವೆ, 1960ರಲ್ಲಿ, ನಿಂತುಹೋಗಿದ್ದ ಬೇಟೆಯನ್ನು ಅಳುಕುತ್ತಲೇ ಮತ್ತೆ ತೆರೆದರು: ಮೂರು ದಿನ, 14 ಕೌಂಟಿ. ಸಿಕ್ಕ ಹುಂಜಗಳು 94. 2004ರ ವಸಂತದಲ್ಲಿ ಆ ಸಂಖ್ಯೆ 60,000 ದಾಟಿತು. ಈಚಿನ ವರ್ಷಗಳಲ್ಲಿ ಮರಿಗಳು ಉಳಿಯುವುದು ಕಡಿಮೆಯಾಗಿ ಸಂಖ್ಯೆ ಮತ್ತೆ ಇಳಿದಿದೆ.

ದುಡ್ಡು ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. 1937ರ ಕಾನೂನಿನ ಪ್ರಕಾರ ಕೋವಿ ಮತ್ತು ತೋಟಾ ಮೇಲಿನ ತೆರಿಗೆ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ; ಅದರ ಜತೆಗೆ ಪರವಾನಗಿಯ ಹಣ. ಇದಲ್ಲದೆ 1976ರಲ್ಲಿ ಮಿಸ್ಸೌರಿಯ ಜನ ಮತ ಹಾಕಿ ಮಾರಾಟ ತೆರಿಗೆಯಲ್ಲಿ ಡಾಲರಿಗೆ ಸೆಂಟಿನ ಎಂಟನೇ ಒಂದು ಭಾಗವನ್ನು ಸಂರಕ್ಷಣೆಗೆಂದೇ ಒಪ್ಪಿಕೊಂಡರು. ಅಂಗಡಿಯಲ್ಲಿ ಚಪ್ಪಲಿ ಕೊಂಡವರೂ ಈ ಕಾಡಿಗೆ ಕಾಸು ಕೊಟ್ಟಿದ್ದಾರೆ. 2011ರಲ್ಲಿ ಕೆಂಟಕಿಯಿಂದ ತಂದು ಬಿಟ್ಟ ಎಲ್ಕ್ ಜಿಂಕೆಗಳೂ ಈಗ ಇದೇ ಪೆಕ್ ರಾಂಚ್‌ನಲ್ಲಿ ಮೇಯುತ್ತಿವೆ.

ನೆಲದ ಮೇಲಿನ ಬರಹ

ಪೆಕ್ ರಾಂಚ್‌ನ ಒಳಗೆ ಬೇಟೆಯ ನಿಯಮಗಳು ಬೇರೆ. ಹೊಸಬರು ಸಾಮಾನ್ಯವಾಗಿ ಜಾಡು ನೋಡುವುದು ರಾಷ್ಟ್ರೀಯ ಅರಣ್ಯದಲ್ಲಿ. ಮಧ್ಯಾಹ್ನ ನಾವು ಅಲ್ಲಿಯ ಒಂದು ಹಳೆಯ ಮರಸಾಗಣೆ ರಸ್ತೆಯಲ್ಲಿ ನಡೆದೆವು. ದಿಣ್ಣೆಯ ನೆತ್ತಿಗೇ ಸಾಗುವ ರಸ್ತೆ. ಟರ್ಕಿಗೆ ಇಂಥ ದಾರಿ ಇಷ್ಟ: ನಡೆಯಲು ಹಗುರ, ಎರಡೂ ಕಡೆ ಕಣ್ಣು ಹಾಯುತ್ತದೆ, ಹುಂಜ ಬಾಲ ಬಿಚ್ಚಿ ನಿಲ್ಲಲು ಜಾಗವೂ ಉಂಟು.

ಗುರುಗಳು ಮೊದಲು ತೋರಿಸಿದ್ದು ಕೆದರಿದ ತರಗೆಲೆ. ಟರ್ಕಿ ಓಕ್ ಕಾಯಿ, ಹುಳು ಹುಡುಕುತ್ತ ಎಲೆಯನ್ನು ಹಿಂದಕ್ಕೆ ಎಳೆದೆಸೆಯುತ್ತದೆ. ಎಲೆ ಗುಡ್ಡೆಯಾದ ಕಡೆಗೆ ಅದರ ಬೆನ್ನು, ಬರಿ ನೆಲ ಕಂಡ ಕಡೆಗೆ ಅದರ ಮುಖ. ಇಂಥ ಕೆದರುಗಳನ್ನು ಸಾಲಾಗಿ ನೋಡುತ್ತ ಹೋದರೆ ಹಿಂಡು ಯಾವ ದಿಕ್ಕಿಗೆ ಮೇಯುತ್ತ ಹೋಗಿದೆ ಎಂಬುದು ಗೊತ್ತಾಗುತ್ತದೆ. ತಳದ ಮಣ್ಣು ಇನ್ನೂ ಹಸಿಯಾಗಿದ್ದರೆ ಅದು ಈ ಬೆಳಗಿನ ಕೆಲಸ. ಒಣಗಿ ಮೇಲೆ ಹೊಸ ಕಸ ಬಿದ್ದಿದ್ದರೆ ಹಳೆಯದು.

ಮುಂದೆ ಹಿಕ್ಕೆ. ಹೇಂಟೆಯದು ಸುರುಳಿಸುತ್ತಿ ಮುದ್ದೆಯಾಗಿ ಬೀಳುತ್ತದೆ. ಹುಂಜದ್ದು ಉದ್ದ, ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಕೆಸರು ಒಣಗಿದ ಕಡೆ ಹೆಜ್ಜೆಗಳು: ಮುಂದೆ ಮೂರು ಬೆರಳು. ನಡುವಿನ ಬೆರಳಿನ ಗುರುತು ಎರಡೂವರೆ ಅಂಗುಲ ಮೀರಿದ್ದರೆ ಹುಂಜವೆಂದು ನಂಬಬಹುದು. ಆ ಹೆಜ್ಜೆಯ ಅಕ್ಕಪಕ್ಕ ಧೂಳಿನಲ್ಲಿ ಸಣ್ಣ ಗೀರುಗಳ ಸಾಲು ಕಂಡದ್ದೇ ಗೆಳೆಯ ಕೂತೇಬಿಟ್ಟ. ಅದು ರೆಕ್ಕೆಯ ತುದಿ ನೆಲಕ್ಕೆ ಉಜ್ಜಿದ ಗುರುತು. ಹುಂಜ ಬಾಲವನ್ನು ಬೀಸಣಿಗೆಯಾಗಿ ಬಿಚ್ಚಿ, ರೆಕ್ಕೆ ಇಳಿಬಿಟ್ಟು, ಮೆರೆಯುತ್ತ ನಡೆದ ಜಾಗ ಅದು. ಎಲ್ಲೋ ಹಾದುಹೋಗುವಾಗ ಬಿದ್ದ ಗುರುತಲ್ಲ, ಹುಂಜ ಮತ್ತೆ ಮತ್ತೆ ಬಂದು ನಿಲ್ಲುವ ಅಂಗಳ.

"ಇಲ್ಲೇ ಕೂರೋದಲ್ವ ಮಾರಾಯ?" ಎಂದು ಗೆಳೆಯ ನನ್ನನ್ನು ಕೇಳಿದ. ಇಂಗ್ಲಿಷಿನಲ್ಲಿ ಅದನ್ನೇ ಗುರುಗಳಿಗೆ ದಾಟಿಸಿದಾಗ ಅವರು ಇಲ್ಲವೆಂದು ತಲೆಯಾಡಿಸಿ, ಸ್ವಲ್ಪ ಮುಂದೆ ರಸ್ತೆ ತಿರುಗುವಲ್ಲಿಗೆ ಕರೆದೊಯ್ದರು. ಬೇಟೆಗಾರ ಕರೆಯುವುದು ಹೇಂಟೆಯ ದನಿಯಲ್ಲಿ. ಹುಂಜಕ್ಕೆ ಆ ಕರೆ ಕೇಳಿದರೆ ಸಾಲದು, ಕರೆದ ಹೇಂಟೆ ಕಣ್ಣಿಗೂ ಬೀಳಬೇಕು. ನೇರ ರಸ್ತೆಯಲ್ಲಿ ಕೂತರೆ ಅದು ದೂರದಲ್ಲೇ ನಿಂತು, ಹೇಂಟೆ ಎಲ್ಲಿ ಎಂದು ಹುಡುಕಿ, ಕಾಣದೆ ಹಿಂತಿರುಗುತ್ತದೆ. ತಿರುವಿನ ಈಚೆ ಕೂತರೆ ಹುಡುಕಲು ಅದು ತಿರುವು ದಾಟಿಯೇ ಬರಬೇಕು. ದಾಟಿದಾಗ ಅದಾಗಲೇ 40 ಗಜದೊಳಗೆ ಇರುತ್ತದೆ. ಅಡ್ಡಕ್ಕೆ ತೊರೆ, ಬೇಲಿ, ದಟ್ಟ ಪೊದೆ ಇರಬಾರದು. ರೆಕ್ಕೆಯಿದ್ದ ಹಕ್ಕಿ ಹಾರಿ ದಾಟಬಹುದಲ್ಲ ಎಂದರೆ, ದಾಟಬಹುದು; ಬಹಳ ಸಲ ದಾಟುವುದಿಲ್ಲ.

ಗೂಬೆಯ ಕೂಗಿಗೆ ಉತ್ತರ

ಸಂಜೆ ಹೊತ್ತು ಮುಳುಗುವಾಗ ದಿಣ್ಣೆಯ ಮೇಲೆ ನಿಂತು ಗುರುಗಳು ಬರಿ ಬಾಯಲ್ಲೇ ಗೂಬೆ ಕೂಗಿದರು. ಇಲ್ಲಿಯ ಪಟ್ಟೆ ಗೂಬೆಯ ಕೂಗು ಎಂಟು ಹೊಡೆತದ್ದು, ನಾಲ್ಕು ನಾಲ್ಕಾಗಿ, ಕೊನೆಯದು ಜಾರಿ ಇಳಿಯುತ್ತದೆ. ಕೊರಕಲಿನಾಚೆಯಿಂದ ಥಟ್ಟನೆ ಉತ್ತರ ಬಂತು: ಗಂಟಲೊಳಗೆ ಕಲ್ಲು ಉರುಳಿಸಿದಂಥ ಗಳಗಳ ಸದ್ದು. ಅದು ಗೂಬೆಯ ಮೇಲಿನ ಸಿಟ್ಟೂ ಅಲ್ಲ, ಪ್ರೀತಿಯೂ ಅಲ್ಲ. ಈ ಕಾಲದಲ್ಲಿ ಹುಂಜದ ಮೈಯೆಲ್ಲ ಬಿಗಿದ ತಂತಿ. ಯಾವ ದೊಡ್ಡ ಸದ್ದಾದರೂ, ಕಾಗೆ, ಗುಡುಗು, ಕಾರಿನ ಬಾಗಿಲು, ಅದು ತಡೆಯಲಾರದೆ ಕೂಗಿಬಿಡುತ್ತದೆ. ಹೀಗೆ ರಾತ್ರಿ ತಂಗಿದ ಮರ ಯಾವ ಕಡೆಗಿದೆ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ದಿಣ್ಣೆಯ ನೆತ್ತಿಗಿಂತ ಸ್ವಲ್ಪ ಕೆಳಗಿನ ದೊಡ್ಡ ಓಕ್ ಅಥವಾ ಪೈನ್.

ಹೇಂಟೆಯ ದನಿಯನ್ನು ಮಾತ್ರ ಈ ದಿನಗಳಲ್ಲಿ ಕಾಡಿನಲ್ಲಿ ಎತ್ತಕೂಡದು ಎಂಬುದು ಗುರುಗಳ ಕಟ್ಟುನಿಟ್ಟು. ಆ ದನಿ ತೆಗೆಯುವ ಗೆಳೆಯನ ಕರೆಪೆಟ್ಟಿಗೆ ಕಾರಿನಲ್ಲೇ ಉಳಿದಿತ್ತು. ಹೇಂಟೆಯೆಂದು ನಂಬಿ ಬಂದ ಹುಂಜ ಮನುಷ್ಯನನ್ನು ನೋಡಿ ಓಡಿತೆಂದರೆ, ಬೇಟೆ ಶುರುವಾಗುವ ಮೊದಲೇ ಅದಕ್ಕೆ ಪಾಠವಾದಂತೆ. ಗೂಬೆಗೆ ಕೂಗಿದ ಹುಂಜ ಏನನ್ನೂ ಕಲಿಯುವುದಿಲ್ಲ.

ಮಾರನೆಯ ಬೆಳಿಗ್ಗೆ ಕತ್ತಲಿರುವಾಗಲೇ ಅದೇ ದಿಣ್ಣೆ. ಮೊದಲು ನತ್ತಿಂಗದ ಜಾತಿಯ ವಿಪ್ಪರ್‌ವಿಲ್ ಹಕ್ಕಿ ಬಿಡುವಿಲ್ಲದೆ ಕೂಗುತ್ತಿತ್ತು. ಅದು ಸುಮ್ಮನಾಗುವ ಹೊತ್ತಿಗೆ ಕಾರ್ಡಿನಲ್ ಶುರು. ಅದರ ಬೆನ್ನಿಗೆ ಹುಂಜ. ಮರದ ಮೇಲಿನಿಂದ ಬರುವ ಕೂಗು ದೂರಕ್ಕೆ ಸ್ಪಷ್ಟವಾಗಿ ಸಾಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಕೂಗು ಮಂಕಾಯಿತು. ಹಕ್ಕಿ ದೂರ ಹೋಗಲಿಲ್ಲ, ನೆಲಕ್ಕೆ ಇಳಿದಿದೆ ಎಂದರು ಗುರುಗಳು. ಆಮೇಲೆ ಹೇಂಟೆಗಳ ದನಿ ಕೇಳಿಸಿತು, ಅವು ಹುಂಜದ ಕಡೆಗೆ ಸಾಗಿದವು, ಹುಂಜ ಸುಮ್ಮನಾಯಿತು.

ಟರ್ಕಿ ಬೇಟೆಯ ಇಡೀ ತೊಡಕು ಇದರಲ್ಲಿದೆ. ಈ ಹಕ್ಕಿಗಳಲ್ಲಿ ಹುಂಜ ನಿಂತಲ್ಲೇ ನಿಂತು ಕೂಗುತ್ತದೆ, ಹೇಂಟೆ ಅದನ್ನು ಹುಡುಕಿಕೊಂಡು ಹೋಗುತ್ತದೆ. ಬೇಟೆಗಾರ ಹೇಂಟೆಯ ದನಿ ತೆಗೆದು ಹುಂಜವನ್ನು ತನ್ನತ್ತ ಕರೆಯುತ್ತಾನೆ. ಎಂದರೆ ಅದರ ಜನ್ಮದ ರೂಢಿಗೆ ವಿರುದ್ಧವಾಗಿ ನಡೆ ಎನ್ನುತ್ತಾನೆ. ಎಷ್ಟೇ ಒಳ್ಳೆಯ ಕರೆಯಾದರೂ ಈ ಇಳಿಜಾರನ್ನು ಹತ್ತಬೇಕು. ಹುಂಜ ಹೇಗೂ ಹೋಗಲಿದ್ದ ದಾರಿಯಲ್ಲೇ ಕೂತವನಿಗೆ ಮಾತ್ರ ಅದು ಅರ್ಧ ಸಲೀಸು. ನಿನ್ನೆ ಮಧ್ಯಾಹ್ನವೆಲ್ಲ ನಾವು ನೆಲ ನೋಡುತ್ತ ನಡೆದದ್ದು ಇದಕ್ಕಾಗಿ.

ಇನ್ನೊಂದು ಲೆಕ್ಕವನ್ನೂ ಗುರುಗಳು ಹೇಳಿದರು. ಹೇಂಟೆ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಕಾವು 28 ದಿನ. ಮೊಟ್ಟೆಯ ಕಾಲದಲ್ಲಿ ಹೊತ್ತೇರುತ್ತಿದ್ದಂತೆ ಹೇಂಟೆಗಳು ಒಂದೊಂದಾಗಿ ಗೂಡಿನತ್ತ ಜಾರಿಕೊಳ್ಳುತ್ತವೆ. ಮುಂಜಾನೆ ಮೆರೆದ ಹುಂಜ ಒಂಬತ್ತು ಹತ್ತು ಗಂಟೆಗೆ ಒಂಟಿ. ನಸುಕಿನಲ್ಲಿ ಕೂತು ಬೇಸತ್ತು ಎಂಟಕ್ಕೇ ತಿಂಡಿಗೆ ಎದ್ದುಹೋಗುವ ಹೊಸಬರು ಒಳ್ಳೆಯ ಹೊತ್ತನ್ನೇ ಬಿಟ್ಟುಹೋಗುತ್ತಾರೆ.

ಪೆಟ್ಟಿಗೆ, ಸ್ಲೇಟು, ನಾಲಗೆ

ಕರೆಯ ಪಾಠ ನಡೆದದ್ದು ಊರಿಗೆ ಮರಳಿದ ಮೇಲೆ, ಗುರುಗಳ ಮನೆಯ ಹಿಂದಿನ ಮೇಜಿನ ಮೇಲೆ. ಹೊಸಬರಿಗೆ ಎಲ್ಲಕ್ಕಿಂತ ಸುಲಭ ಕರೆಪೆಟ್ಟಿಗೆ, ಇಲ್ಲಿಯವರ ಬಾಕ್ಸ್ ಕಾಲ್. ತೆಳು ಹಲಗೆಯ ಉದ್ದನೆ ಡಬ್ಬಿ, ಅದರ ಮೇಲೆ ಒಂದು ತುದಿಗೆ ಮಾತ್ರ ತಿರುಪು ಹಾಕಿದ ಮುಚ್ಚಳ. ಮುಚ್ಚಳಕ್ಕೆ ಸೀಮೆಸುಣ್ಣ ಬಳಿದು ಡಬ್ಬಿಯ ಅಂಚಿಗೆ ಎಳೆದರೆ ಹೇಂಟೆ ದನಿ. ಆರ್ಕನ್ಸಾದ ಹೆನ್ರಿ ಗಿಬ್ಸನ್ ಇದಕ್ಕೆ 1897ರಲ್ಲಿ ಪೇಟೆಂಟ್ ಪಡೆದ. ರೂಪ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಎರಡನೆಯದು ದುಂಡನೆ ಬಟ್ಟಲಿನಲ್ಲಿ ಕೂರಿಸಿದ ಸ್ಲೇಟು ಮತ್ತು ಒಂದು ಕಡ್ಡಿ. ಮೆಲು ದನಿಗೆ ಇದಕ್ಕೆ ಸಮ ಇಲ್ಲ, ಆದರೆ ಎರಡು ಕೈ ಬೇಕು. ಮೂರನೆಯದು ಅಂಗುಳಿಗೆ ಒತ್ತಿಕೊಳ್ಳುವ ರಬ್ಬರ್ ಪೊರೆ. ಕೈ ಎರಡೂ ಕೋವಿಗೆ ಬಿಡುವು. ಕಲಿಯಲು ವಾರಗಟ್ಟಲೆ ಮನೆಮಂದಿಯ ಸಹನೆ ಬೇಕು.

ದನಿಗಳಲ್ಲಿ ಹೊಸಬರಿಗೆ ಮೂರು ಸಾಕು ಎಂಬುದು ಗುರುಗಳ ಮತ. ಒಂದು ಯೆಲ್ಪ್: ಒಂದೇ ಅಂತರದಲ್ಲಿ ಐದಾರು ಸಲ, ಪ್ರತಿಯೊಂದೂ ಚೂಪಾಗಿ ಎದ್ದು ಒರಟಾಗಿ ಇಳಿಯಬೇಕು. ಎರಡು ಕ್ಲಕ್: ಬಿಡಿಬಿಡಿಯಾಗಿ ಒಂದೊಂದು, ನಾನಿಲ್ಲಿದ್ದೇನೆ ಎಂಬಷ್ಟೇ ಸುದ್ದಿ. ಮೂರು ಪರ್: ಮೇಯುವಾಗಿನ ತೃಪ್ತಿಯ ಗುರುಗುರು. ಕ್ಲಕ್ ಅನ್ನೇ ಗಡಸಾಗಿ, ಆತುರವಾಗಿ ಹೊಡೆದರೆ ಅದು ಪಟ್, ಅಪಾಯದ ಸೂಚನೆ. ಕೇಳಿದ ಹುಂಜ ಮತ್ತೆ ಕಾಣುವುದಿಲ್ಲ. ಗೆಳೆಯ ದನಿಯನ್ನು ನುಣುಪು ಮಾಡಲು ಹೆಣಗುತ್ತಿದ್ದ. ಗುರುಗಳು ಬೆಳಗಿನ ಹೇಂಟೆಗಳನ್ನು ನೆನಪಿಸಿದರು. ಅವುಗಳಲ್ಲಿ ಒಂದರ ದನಿ ಎಣ್ಣೆ ಕಾಣದ ಬಾಗಿಲಿನಷ್ಟು ಕೆಟ್ಟದಾಗಿತ್ತು. ಹೇಂಟೆಗಳ ದನಿ ಒಂದೊಂದೂ ಬೇರೆ. ಬದಲಾಗದೆ ಇರುವುದು ಲಯ. ಲಯ ತಪ್ಪದಿದ್ದರೆ ಅಪಸ್ವರಕ್ಕೆ ಕ್ಷಮೆಯುಂಟು.

ಎಷ್ಟು ಕರೆಯಬೇಕು? ಹುಂಜ ಮರದ ಮೇಲಿರುವಾಗ ಮೆಲ್ಲಗೆ ಒಂದೆರಡು ಯೆಲ್ಪ್. ಅದು ಉತ್ತರಿಸಿತೆಂದರೆ ಪೆಟ್ಟಿಗೆ ಕೆಳಗಿಡುವುದು. ಹುಂಜ ಉತ್ತರಿಸಿದಷ್ಟೂ ಕರೆಯುತ್ತ ಹೋದರೆ, ಹೇಂಟೆ ಇಷ್ಟು ಆಸೆಪಟ್ಟಿದ್ದರೆ ತಾನೇ ಬರುತ್ತಾಳೆ ಎಂದು ಅದು ಮರ ಬಿಟ್ಟು ಇಳಿಯುವುದೇ ಇಲ್ಲ. ಕರೆದು ಸುಮ್ಮನಾದ ಹೇಂಟೆ ಎಲ್ಲಿ ಹೋದಳೋ ಎಂಬ ಅನುಮಾನ ಅದರ ಕಾಲು ಎಬ್ಬಿಸುತ್ತದೆ.

ಮರಕ್ಕೆ ಬೆನ್ನು ಕೊಟ್ಟು

ಟರ್ಕಿಗೆ ಮೂಗು ಮಂದ, ಕಣ್ಣು ಮಾತ್ರ ಅಸಾಧ್ಯ. ಬಣ್ಣ ಗುರುತಿಸುತ್ತದೆ, ತಲೆಯ ಎರಡು ಬದಿಗೆ ಕಣ್ಣಿರುವುದರಿಂದ ತಿರುಗದೆಯೇ ಸುತ್ತಲಿನ ಬಹುಪಾಲು ಕಾಣುತ್ತದೆ. ಮುಖಕ್ಕೆ ಜಾಲಿ, ಕೈಗೆ ಗವಸು, ಹೆಗಲಿಗಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಅಲ್ಲಾಡದೆ ಕೂರಬೇಕು. ಅಗಲದ ಮರ ಮರೆಗಷ್ಟೇ ಅಲ್ಲ. ಈ ಬೇಟೆಯಲ್ಲಿ ದೊಡ್ಡ ಅಪಾಯ ಇನ್ನೊಬ್ಬ ಬೇಟೆಗಾರ. ಮರೆಯಲ್ಲಿ ಕೂತು ಹಕ್ಕಿಯ ದನಿ ತೆಗೆಯುವವನನ್ನು ಹಕ್ಕಿಯೆಂದೇ ನಂಬಿ ಹಿಂದಿನಿಂದ ಯಾರಾದರೂ ಬರಬಹುದು.

ಆದ್ದರಿಂದ ಕೆಂಪು, ಬಿಳಿ, ನೀಲಿ ಬಣ್ಣದ ಏನೂ ಮೈಮೇಲೆ ಇರಬಾರದು, ಕರವಸ್ತ್ರವೂ ಸೇರಿ. ಕೆರಳಿದ ಹುಂಜದ ತಲೆಯ ಬಣ್ಣಗಳೇ ಅವು. ಕೂಗು ಕೇಳಿದ ಕಡೆಗೆ ನುಸುಳಿಕೊಂಡು ಹೋಗಬಾರದು. ಇನ್ನೊಬ್ಬರು ಬರುವುದು ಕಂಡರೆ ಕೈ ಬೀಸಬಾರದು, ಗಟ್ಟಿಯಾಗಿ ಮಾತಾಡಬೇಕು. ನಡೆದಾಡುವಾಗ ಕಿತ್ತಳೆ ಬಣ್ಣದ ಟೋಪಿ ಒಳ್ಳೆಯದು. ಹಕ್ಕಿಯ ಎದೆಯಿಂದ ಜೋಲುವ ಕೂದಲಿನಂಥ ಗಡ್ಡ ಕಣ್ಣಾರೆ ಕಾಣುವವರೆಗೆ ಬೆರಳು ಕುದುರೆಯ ಮೇಲೆ ಹೋಗಕೂಡದು. ಬಿಚ್ಚಿದ ಬಾಲದ ನಡುವಿನ ಗರಿಗಳು ಮಾತ್ರ ಉದ್ದವಿದ್ದರೆ ಅದು ಒಂದು ವರ್ಷದ ಎಳೆಹುಂಜ. ಕಾನೂನಿನಲ್ಲಿ ಅಡ್ಡಿಯಿಲ್ಲ, ಆದರೂ ಗುರುಗಳು ಅವನ್ನು ಬೆಳೆಯಲು ಬಿಡುತ್ತಾರೆ.

ಹೋಗುವವರಿಗೆ

ಕಾಡು ನೋಡಲಷ್ಟೇ ಹೋಗುವವರಿಗೆ ಏಪ್ರಿಲ್ ಮೊದಲ ಎರಡು ವಾರ ಚೆನ್ನ. ಓಝಾರ್ಕ್ ಟ್ರೇಲ್ ಎಂಬ ಕಾಲುದಾರಿ ಸ್ಟೆಗಾಲ್ ಬೆಟ್ಟವನ್ನು ಹಾದು ಹೋಗುತ್ತದೆ. ಸಮೀಪದಲ್ಲೇ ಕರೆಂಟ್ ನದಿ. ಉಣುಗು ವಿಪರೀತ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ. ಇಲ್ಲಿಯ ಲೋನ್ ಸ್ಟಾರ್ ಉಣುಗು ಕಚ್ಚಿದರೆ ಕೆಲವರಿಗೆ ಕುರಿ, ಹಂದಿ, ದನದ ಮಾಂಸ ಒಗ್ಗದೆ ಹೋಗುತ್ತದೆ.

ಬೇಟೆಗೆಂದೇ ಹೋಗುವವರು, 1967ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರಾದರೆ, ಬೇಟೆ ಶಿಕ್ಷಣದ ಪ್ರಮಾಣಪತ್ರ ಪಡೆದಿರಬೇಕು. ಇಲ್ಲದಿದ್ದರೆ ಗೆಳೆಯನಂತೆ ಅಪ್ರೆಂಟಿಸ್ ಅನುಮತಿ ಪಡೆದು ಅರ್ಹ ಹಿರಿಯರೊಬ್ಬರ ಜತೆಗೇ ಇರಬೇಕು. ಋತುವಿಗೆ ಎರಡು ಹಕ್ಕಿ, ಮೊದಲ ವಾರದಲ್ಲಿ ಒಂದೇ. 4ನೇ ಸಂಖ್ಯೆಗಿಂತ ದಪ್ಪನೆಯ ಚರೆ ಇಲ್ಲ, ಕಾಳು ಚೆಲ್ಲುವಂತಿಲ್ಲ, ವಿದ್ಯುತ್ ಉಪಕರಣದಿಂದ ಕರೆಯುವಂತಿಲ್ಲ. ಹೊಡೆದ ಹಕ್ಕಿಯ ವಿವರವನ್ನು ಅದೇ ರಾತ್ರಿ ಹತ್ತರೊಳಗೆ ಇಲಾಖೆಗೆ ತಿಳಿಸಬೇಕು. ನಿಯಮಗಳು ವರ್ಷಕ್ಕೊಮ್ಮೆ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಪುಸ್ತಿಕೆ ನೋಡಿಕೊಂಡೇ ಹೊರಡಿ.

ಈ ಸಾರ್ವಜನಿಕ ಕಾಡಿನಲ್ಲಿ ಬೇಟೆ ಮಧ್ಯಾಹ್ನ 1 ಗಂಟೆಗೆ ಮುಗಿಯುತ್ತದೆ. ತೋಟಾ ಹೊರಗೆ, ಕೋವಿ ಚೀಲದೊಳಗೆ. ಪಳಗಿದವರು ಆಗ ಮನೆಗೆ ಹೋಗಿ ಮಲಗಬಹುದು. ಹೊಸಬರ ಕೆಲಸ ಅಲ್ಲಿಂದ ಶುರು: ಬೆಳಿಗ್ಗೆ ಉತ್ತರ ಕೊಟ್ಟೂ ಬಾರದ ಹುಂಜ ಯಾವ ದಾರಿ ಹಿಡಿಯಿತು, ಎಲ್ಲಿ ಕೆದರಿತು, ಯಾವ ತಿರುವಿನಲ್ಲಿ ರೆಕ್ಕೆ ಉಜ್ಜಿತು ಎಂದು ನಡೆದು ನೋಡುವುದು. ಮಾರನೆಯ ದಿನ ಪೆಟ್ಟಿಗೆಯನ್ನು ಎಷ್ಟು ಕಡಿಮೆ ಉಜ್ಜಿದರೆ ಸಾಕು ಎಂಬುದು ತೀರ್ಮಾನವಾಗುವುದು ಆ ಮಧ್ಯಾಹ್ನದ ನಡಿಗೆಯಲ್ಲಿ.